ಮಗಳ ಗಣಿತ ತರಗತಿಯಿಂದ ಹುಟ್ಟಿದ ಕಲಿಸುವ ಯಂತ್ರ: ಬಿ. ಎಫ್. ಸ್ಕಿನ್ನರ್ ಬದುಕು ನಮಗೆ ಏನು ಹೇಳುತ್ತದೆ?

ಇನ್ನು ಕೆಲವೇ ವರ್ಷಗಳಲ್ಲಿ ಮೇಷ್ಟ್ರೇ ಬೇಕಾಗುವುದಿಲ್ಲ, ಕಂಪ್ಯೂಟರೇ ಪಾಠ ಮಾಡುತ್ತದೆ ಎನ್ನುವ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಸ್ಕ್ರೀನ್ ಮುಂದೆ ಕೂತು ಕಲಿತ ಮಕ್ಕಳು ಯಂತ್ರಗಳಂತಾಗುತ್ತಾರೆ ಎನ್ನುವ ಸಂದೇಶವೂ ಬಂದಿರಬಹುದು. ಎರಡೂ ಈಗಿನ ಕಾಲದ ಮಾತುಗಳಂತೆ ಕಾಣುತ್ತವೆ. ಆದರೆ ಅಮೆರಿಕದಲ್ಲಿ 1960ರ ಆಸುಪಾಸಿನಲ್ಲೇ ಈ ಎರಡೂ ಮಾತುಗಳು ಜೋರಾಗಿ ಕೇಳಿಬಂದಿದ್ದವು. ಆಗ ತರಗತಿಯಲ್ಲಿ ಕಂಪ್ಯೂಟರ್ ಇರಲಿಲ್ಲ. ಇದ್ದದ್ದು ಮೇಜಿನ ಮೇಲೆ ಇಡಬಹುದಾದ ಒಂದು ಪೆಟ್ಟಿಗೆ. ಅದರ ಹೆಸರು ಕಲಿಸುವ ಯಂತ್ರ. ಅದನ್ನು ಮಾಡಿದವರು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್.

ನಮ್ಮಲ್ಲಿ ಡಿ.ಎಡ್., ಬಿ.ಎಡ್. ಓದಿದವರಿಗೆ ಈ ಹೆಸರು ಗೊತ್ತು. ಪುನರ್ಬಲನ, ಕಾರ್ಯಕ್ರಮಿತ ಕಲಿಕೆ ಎಂದು ಪರೀಕ್ಷೆಗೆ ಬರೆದದ್ದೂ ನೆನಪಿರುತ್ತದೆ. ಉಳಿದವರಿಗೆ ಅವರು ಬೇರೆ ಕಾರಣಕ್ಕೆ ಗೊತ್ತಿರಬಹುದು. ಮಗಳನ್ನೇ ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡಿದ ವಿಜ್ಞಾನಿ ಎಂಬ ಕಥೆ ಸೈಕಾಲಜಿ ಫ್ಯಾಕ್ಟ್ ಎಂಬ ಹೆಸರಿನ ಪೋಸ್ಟ್‌ಗಳಲ್ಲಿ ಸುತ್ತುತ್ತಲೇ ಇರುತ್ತದೆ. ಆ ಕಥೆ ಎಷ್ಟು ನಿಜ? ಅವರ ಯಂತ್ರ ಏನಾಯಿತು? ಮಕ್ಕಳ ಓದಿಗಾಗಿ ಟ್ಯಾಬ್, ಆ್ಯಪ್, ಸ್ಮಾರ್ಟ್ ಕ್ಲಾಸ್ ಎಂದು ಹಣ ಕಟ್ಟುವ ನಮಗೆ ಅದರಿಂದ ಏನು ತಿಳಿಯುತ್ತದೆ? ಒಂದೊಂದಾಗಿ ನೋಡೋಣ.

ಪೈಜಾಮ ನೆನಪಿಸುವ ಯಂತ್ರ

ಬರ್ಹಸ್ ಫ್ರೆಡರಿಕ್ ಸ್ಕಿನ್ನರ್ ಹುಟ್ಟಿದ್ದು 1904ರ ಮಾರ್ಚ್ 20ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸಸ್ಕ್ವಹಾನಾ ಎಂಬ ಸಣ್ಣ ರೈಲ್ವೆ ಊರಿನಲ್ಲಿ. ತಂದೆ ವಕೀಲರು. ಹುಡುಗನಿಗೆ ಕೈಗೆ ಸಿಕ್ಕ ಸಾಮಾನಿನಲ್ಲಿ ಏನಾದರೊಂದು ಮಾಡುವ ಗೀಳು.

ಬೆಳಿಗ್ಗೆ ಎದ್ದವನು ಪೈಜಾಮವನ್ನು ಗೂಟಕ್ಕೆ ನೇತುಹಾಕುವುದಿಲ್ಲ ಎಂದು ತಾಯಿ ದಿನವೂ ಬೈಯುತ್ತಿದ್ದರು. ಅದಕ್ಕೆ ಹುಡುಗ ಒಂದು ಉಪಾಯ ಮಾಡಿದ. ಗೂಟಕ್ಕೆ ದಾರ ಕಟ್ಟಿ, ಅದರ ಇನ್ನೊಂದು ತುದಿಗೆ ಒಂದು ಫಲಕ ಜೋಡಿಸಿದ. ಪೈಜಾಮ ಗೂಟದ ಮೇಲಿದ್ದರೆ ಫಲಕ ಮೇಲಕ್ಕೆ ಹೋಗಿ ದಾರಿ ಬಿಡುತ್ತಿತ್ತು. ಇಲ್ಲದಿದ್ದರೆ ಕೋಣೆಯ ಬಾಗಿಲಲ್ಲಿ ಅಡ್ಡವಾಗಿ ನೇತಾಡುತ್ತಾ, ಪೈಜಾಮ ನೇತುಹಾಕು ಎಂದು ಅವನಿಗೆ ನೆನಪಿಸುತ್ತಿತ್ತು. ಬೈಗುಳದಿಂದ ಆಗದ ಕೆಲಸವನ್ನು ಸುತ್ತಲಿನ ಏರ್ಪಾಟು ಬದಲಿಸಿ ಮಾಡಿಸಬಹುದು ಎನ್ನುವುದು ಮುಂದೆ ಅವರ ಇಡೀ ಬದುಕಿನ ವಿಚಾರವಾಯಿತು.

ಶಾಲೆಯಲ್ಲಿ ಅವರನ್ನು ತಿದ್ದಿದವರು ಮೇರಿ ಗ್ರೇವ್ಸ್ ಎಂಬ ಶಿಕ್ಷಕಿ. ಓದಿನ ರುಚಿ ಹತ್ತಿಸಿದವರೂ ಅವರೇ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಹ್ಯಾಮಿಲ್ಟನ್ ಕಾಲೇಜಿನಲ್ಲಿ ಸ್ಕಿನ್ನರ್ ಓದಿದ್ದು ಇಂಗ್ಲಿಷ್ ಸಾಹಿತ್ಯ. ಅವರಿಗೆ ಕಥೆಗಾರನಾಗುವ ಆಸೆ ಇತ್ತು. ಕವಿ ರಾಬರ್ಟ್ ಫ್ರಾಸ್ಟ್ ಅವರ ಕಥೆಗಳನ್ನು ಓದಿ ಪ್ರೋತ್ಸಾಹಿಸಿದ್ದರು. 1926ರಲ್ಲಿ ಪದವಿ ಮುಗಿಸಿ, ಬರೆಯಲೆಂದೇ ಅಪ್ಪ ಅಮ್ಮನ ಮನೆಯಲ್ಲಿ ಕೂತರು. ಒಂದು ವರ್ಷ ಕಳೆದರೂ ಬರವಣಿಗೆ ಸಾಗಲಿಲ್ಲ. ಮನುಷ್ಯ ಯಾಕೆ ಹೀಗೆ ನಡೆದುಕೊಳ್ಳುತ್ತಾನೆ ಎಂಬ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರ ಸಿಗಬಹುದು ಎಂದುಕೊಂಡು 1928ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಮನೋವಿಜ್ಞಾನ ಓದಲು ಹೋದರು. 1931ರಲ್ಲಿ ಪಿಎಚ್.ಡಿ. ಪಡೆದರು.

ಇಲಿ, ಪಾರಿವಾಳ ಮತ್ತು ಒಂದು ಕಾಳು

ಹಾರ್ವರ್ಡ್‌ನಲ್ಲಿ ಅವರು ಮಾಡಿದ ಪೆಟ್ಟಿಗೆ ಇಂದು ಸ್ಕಿನ್ನರ್ ಬಾಕ್ಸ್ ಎಂದೇ ಪ್ರಸಿದ್ಧ. ಒಳಗೆ ಒಂದು ಇಲಿ, ಗೋಡೆಯಲ್ಲಿ ಒಂದು ಸಣ್ಣ ಲಿವರ್. ಇಲಿ ಅತ್ತಿತ್ತ ಓಡಾಡುವಾಗ ಅಕಸ್ಮಾತ್ತಾಗಿ ಲಿವರ್ ಒತ್ತಿದರೆ ತಿನ್ನಲು ಒಂದು ಗುಳಿಗೆ ಬೀಳುತ್ತದೆ. ಇದು ಒಂದೆರಡು ಸಲ ಆದಮೇಲೆ ಇಲಿ ಬೇಕೆಂದೇ ಲಿವರ್ ಒತ್ತಲು ತೊಡಗುತ್ತದೆ. ಮಾಡಿದ ಕೆಲಸದ ಬೆನ್ನಿಗೇ ಒಳ್ಳೆಯ ಫಲ ಸಿಕ್ಕರೆ ಆ ಕೆಲಸ ಮತ್ತೆ ನಡೆಯುವ ಸಾಧ್ಯತೆ ಹೆಚ್ಚುತ್ತದೆ. ಪುನರ್ಬಲನ ಎಂದರೆ ಇಷ್ಟೇ. ಇದನ್ನು ಅವರು 1938ರ ತಮ್ಮ ಮೊದಲ ದೊಡ್ಡ ಪುಸ್ತಕದಲ್ಲಿ ವಿವರಿಸಿದರು.

ಎರಡನೇ ಮಹಾಯುದ್ಧದ ಹೊತ್ತಿಗೆ ಅವರು ಮಿನ್ನೆಸೋಟಾದಲ್ಲಿದ್ದರು. ಪಾರಿವಾಳಗಳಿಗೆ ತರಬೇತಿ ಕೊಟ್ಟು ಬಾಂಬನ್ನು ಗುರಿಯತ್ತ ನಡೆಸುವ ಯೋಜನೆಗೆ ಕೈ ಹಾಕಿದರು. ಸೇನೆ ಅದನ್ನು ಬಳಸಲಿಲ್ಲ. ಆದರೆ ಪಾರಿವಾಳಗಳಿಂದ ಅವರಿಗೆ ಒಂದು ಮುಖ್ಯ ಪಾಠ ಸಿಕ್ಕಿತು. ಕಷ್ಟದ ಕೆಲಸವನ್ನು ಒಂದೇ ಸಲಕ್ಕೆ ಕಲಿಸಲಾಗದು. ಅದನ್ನು ಪುಟ್ಟ ಪುಟ್ಟ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೂ ತಕ್ಷಣ ಕಾಳು ಕೊಟ್ಟರೆ ಪಾರಿವಾಳ ನಾವು ಊಹಿಸದಷ್ಟು ಕಲಿಯುತ್ತದೆ.

ನಮ್ಮ ಓದುಗರಿಗೆ ಇಷ್ಟವಾಗುವ ಇನ್ನೊಂದು ಪ್ರಯೋಗವೂ ಇದೆ. 1948ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಪಾರಿವಾಳ ಏನು ಮಾಡಿದರೂ ಬಿಟ್ಟರೂ ನಿಗದಿತ ಹೊತ್ತಿಗೆ ಕಾಳು ಬೀಳುವಂತೆ ಇಟ್ಟರು. ಕಾಳು ಬಿದ್ದಾಗ ತಾನು ಏನು ಮಾಡುತ್ತಿತ್ತೋ ಅದನ್ನೇ ಪಾರಿವಾಳ ಮತ್ತೆ ಮತ್ತೆ ಮಾಡತೊಡಗಿತು. ಒಂದು ಸುತ್ತು ಹಾಕುತ್ತಿತ್ತು, ಇನ್ನೊಂದು ತಲೆ ಆಡಿಸುತ್ತಿತ್ತು. ಕಾಕತಾಳೀಯವನ್ನು ಕಾರಣ ಎಂದು ನಂಬುವುದು, ಅಂದರೆ ಮೂಢನಂಬಿಕೆ, ಹೀಗೂ ಹುಟ್ಟಬಹುದು ಎಂದು ಸ್ಕಿನ್ನರ್ ವಾದಿಸಿದರು.

ಮಗಳನ್ನು ಪೆಟ್ಟಿಗೆಯಲ್ಲಿಟ್ಟು ಬೆಳೆಸಿದರೇ?

ಈಗ ಆ ಫಾರ್ವರ್ಡ್ ಕಥೆಗೆ ಬರೋಣ. ಸ್ಕಿನ್ನರ್ ತಮ್ಮ ಮಗಳನ್ನು ಇಲಿಯಂತೆ ಪೆಟ್ಟಿಗೆಯಲ್ಲಿಟ್ಟರು, ಅವಳು ದೊಡ್ಡವಳಾಗಿ ತಲೆಕೆಟ್ಟು ಅಪ್ಪನ ಮೇಲೆ ಕೇಸು ಹಾಕಿದಳು, ಕೊನೆಗೆ ಆತ್ಮಹತ್ಯೆ ಮಾಡಿಕೊಂಡಳು. ಸುತ್ತುವ ಕಥೆ ಇದು.

ನಿಜ ಹೀಗಿದೆ. 1944ರಲ್ಲಿ ಎರಡನೇ ಮಗಳು ಡೆಬೊರಾ ಹುಟ್ಟಿದಾಗ ಸ್ಕಿನ್ನರ್ ಒಂದು ವಿಶೇಷ ತೊಟ್ಟಿಲು ಮಾಡಿದರು. ಮುಂಭಾಗಕ್ಕೆ ಗಾಜು, ಒಳಗೆ ಹದವಾದ ಬಿಸಿ, ಸೋಸಿದ ಗಾಳಿ. ಚಳಿಯ ಊರಿನಲ್ಲಿ ಕೂಸಿಗೆ ಬಟ್ಟೆಯ ಮೇಲೆ ಬಟ್ಟೆ ಸುತ್ತಬೇಕಿಲ್ಲ, ಕೈಕಾಲು ಆಡಿಸಿಕೊಂಡು ಮಲಗಬಹುದು ಎನ್ನುವುದು ಉದ್ದೇಶ. ಮಗು ಅದರಲ್ಲಿ ಮಲಗುತ್ತಿತ್ತು, ಸ್ವಲ್ಪ ಹೊತ್ತು ಆಡುತ್ತಿತ್ತು. ಉಳಿದ ಹೊತ್ತು ಎಲ್ಲ ಮಕ್ಕಳಂತೆ ಎತ್ತಿ ಆಡಿಸುತ್ತಿದ್ದರು. ಅದರಲ್ಲಿ ಲಿವರ್ ಇರಲಿಲ್ಲ, ಪ್ರಯೋಗವೂ ನಡೆಯಲಿಲ್ಲ.

ಗೊಂದಲ ಶುರುವಾದದ್ದು 1945ರಲ್ಲಿ. ಅಮೆರಿಕದ ಒಂದು ಜನಪ್ರಿಯ ಮಹಿಳಾ ಪತ್ರಿಕೆ ಈ ತೊಟ್ಟಿಲಿನ ಬಗ್ಗೆ ಸ್ಕಿನ್ನರ್ ಬರೆದ ಲೇಖನವನ್ನು ಪೆಟ್ಟಿಗೆಯಲ್ಲಿ ಕೂಸು ಎಂಬ ಅರ್ಥದ ತಲೆಬರಹ ಕೊಟ್ಟು ಅಚ್ಚು ಹಾಕಿತು. ಇಲಿಯ ಪೆಟ್ಟಿಗೆಯ ಸುದ್ದಿ ಕೇಳಿದ್ದವರು ಎರಡೂ ಒಂದೇ ಎಂದುಕೊಂಡರು. ತಲೆಬರಹ ಮಾತ್ರ ಓದಿ ಹಂಚುವ ಅಭ್ಯಾಸ ವಾಟ್ಸಾಪ್ ಕಾಲದ್ದಲ್ಲ ಎಂದಾಯಿತು. ಡೆಬೊರಾ ಬೆಳೆದು ಚಿತ್ರಕಲಾವಿದೆಯಾದರು. ತಮ್ಮ ಬಗ್ಗೆ ಹಬ್ಬಿದ ಕಥೆಯೆಲ್ಲ ಸುಳ್ಳು, ತಮ್ಮ ಬಾಲ್ಯ ಚೆನ್ನಾಗಿಯೇ ಇತ್ತು ಎಂದು 2004ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಅವರೇ ಬರೆದರು. ಅಪ್ಪನ ಮೇಲೆ ಅವರು ಕೇಸೂ ಹಾಕಿರಲಿಲ್ಲ.

ಆದರೆ ಡೆಬೊರಾಗೂ ಕಲಿಸುವ ಯಂತ್ರಕ್ಕೂ ನಿಜವಾದ ನಂಟು ಒಂದಿದೆ.

1953ರ ನವೆಂಬರ್ 11: ಹಿಂದಿನ ಬೆಂಚಿನಲ್ಲಿ ಕೂತ ಅಪ್ಪ

1948ರಲ್ಲಿ ಸ್ಕಿನ್ನರ್ ಹಾರ್ವರ್ಡ್‌ಗೆ ಪ್ರಾಧ್ಯಾಪಕರಾಗಿ ಮರಳಿದ್ದರು. ಡೆಬೊರಾ ಪಕ್ಕದ ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿದ್ದಳು. ತಂದೆಯರು ಬಂದು ಪಾಠ ನೋಡಬಹುದಾದ ದಿನವೊಂದನ್ನು ಶಾಲೆ ಇಟ್ಟುಕೊಂಡಿತ್ತು. 1953ರ ನವೆಂಬರ್ 11ರಂದು ಸ್ಕಿನ್ನರ್ ಗಣಿತದ ತರಗತಿಯ ಹಿಂದೆ ಹೋಗಿ ಕೂತರು.

ಶಿಕ್ಷಕಿ ಬೋರ್ಡಿನ ಮೇಲೆ ಲೆಕ್ಕ ಬರೆದರು. ಮಕ್ಕಳು ಬಿಡಿಸತೊಡಗಿದರು. ಕೆಲವರು ಬೇಗ ಮುಗಿಸಿ ಸುಮ್ಮನೆ ಕೂತರು. ಕೆಲವರು ಎಲ್ಲಿ ಸಿಕ್ಕಿಹಾಕಿಕೊಂಡೆವೆಂದು ತಿಳಿಯದೆ ಒದ್ದಾಡಿದರು. ಶಿಕ್ಷಕಿ ಸಾಲುಗಳ ನಡುವೆ ಓಡಾಡಿ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಹೇಳಿಕೊಟ್ಟರು. ಆಮೇಲೆ ಹಾಳೆಗಳನ್ನೆಲ್ಲ ತೆಗೆದುಕೊಂಡರು. ತಿದ್ದಿದ ಹಾಳೆ ಮಕ್ಕಳ ಕೈಗೆ ಸಿಗುವುದು ಮರುದಿನ.

ನಮಗೆಲ್ಲ ತೀರಾ ಸಾಮಾನ್ಯ ಎನಿಸುವ ಈ ದೃಶ್ಯದಲ್ಲಿ ಸ್ಕಿನ್ನರ್‌ಗೆ ಎರಡು ತೊಂದರೆ ಕಂಡವು. ಮೊದಲನೆಯದು, ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಮಗುವಿಗೆ ಮರುದಿನದವರೆಗೂ ಗೊತ್ತಾಗುವುದಿಲ್ಲ. ಅಷ್ಟು ಹೊತ್ತಿಗೆ ಆ ಲೆಕ್ಕ ಅದರ ತಲೆಯಿಂದಲೇ ಹೋಗಿರುತ್ತದೆ. ಎರಡನೆಯದು, ಬೇಗ ಕಲಿಯುವವರೂ ನಿಧಾನದವರೂ ಒಂದೇ ವೇಗದಲ್ಲಿ ನಡೆಯಬೇಕು. ಪಾರಿವಾಳಕ್ಕೆ ಕಲಿಸುವಾಗಲೂ ಪಾಲಿಸುವ ನಿಯಮಗಳನ್ನು ಮಕ್ಕಳ ವಿಷಯದಲ್ಲಿ ಯಾರೂ ಪಾಲಿಸುತ್ತಿಲ್ಲ ಎಂದು ಅವರಿಗೆ ಅನಿಸಿತು.

ಇದರಲ್ಲಿ ಅವರು ಶಿಕ್ಷಕಿಯ ತಪ್ಪು ಹುಡುಕಲಿಲ್ಲ. ಒಬ್ಬರೇ ಶಿಕ್ಷಕರು ಇಡೀ ತರಗತಿಯ ಪ್ರತಿ ಮಗುವಿನ ಪ್ರತಿ ಉತ್ತರಕ್ಕೂ ಆ ಕ್ಷಣವೇ ಸರಿ ತಪ್ಪು ಹೇಳುವುದು ಸಾಧ್ಯವೇ ಇಲ್ಲ. ಅದಕ್ಕೊಂದು ಉಪಕರಣ ಬೇಕು. ಹಾಗೆ ಯೋಚಿಸಿದ ಸ್ಕಿನ್ನರ್ ಕೆಲವೇ ದಿನಗಳಲ್ಲಿ ಮೊದಲ ಯಂತ್ರ ಕಟ್ಟಿದರು. 1954ರಲ್ಲಿ ಪಿಟ್ಸ್‌ಬರ್ಗ್‌ನ ಸಮ್ಮೇಳನವೊಂದರಲ್ಲಿ ಅದನ್ನು ತೋರಿಸಿದರು.

ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು?

ಮೊದಲ ಯಂತ್ರ ಗಣಿತಕ್ಕೆ. ಪೆಟ್ಟಿಗೆಯ ಕಿಂಡಿಯಲ್ಲಿ ಒಂದು ಲೆಕ್ಕ ಕಾಣುತ್ತದೆ. ಮಗು ಜಾರುಪಟ್ಟಿಗಳನ್ನು ಸರಿಸಿ ಉತ್ತರದ ಅಂಕಿ ಮೂಡಿಸುತ್ತದೆ. ಆಮೇಲೆ ಪಕ್ಕದ ತಿರುಗುಣಿ ತಿರುಗಿಸಬೇಕು. ಉತ್ತರ ಸರಿಯಿದ್ದರೆ ಅದು ಸಲೀಸಾಗಿ ತಿರುಗುತ್ತದೆ, ಮುಂದಿನ ಲೆಕ್ಕಕ್ಕೆ ಹೋಗಬಹುದು. ತಪ್ಪಿದ್ದರೆ ತಿರುಗುವುದೇ ಇಲ್ಲ. ಬೈಗುಳ ಇಲ್ಲ, ಅಂಕ ಕಡಿತ ಇಲ್ಲ, ಪಕ್ಕದವರ ನಗುವೂ ಇಲ್ಲ. ಮಗು ಮತ್ತೆ ಪ್ರಯತ್ನಿಸುತ್ತದೆ.

ಮುಂದಿನ ಯಂತ್ರಗಳಲ್ಲಿ ಮಗು ಉತ್ತರವನ್ನು ಕಾಗದದ ಪಟ್ಟಿಯ ಮೇಲೆ ಬರೆಯಬೇಕಿತ್ತು. ಲಿವರ್ ಎತ್ತಿದರೆ ಬರೆದದ್ದು ಪಾರದರ್ಶಕ ಹಾಳೆಯ ಕೆಳಗೆ ಸರಿಯುತ್ತಿತ್ತು, ಆಗ ಸರಿಯುತ್ತರ ಕಾಣುತ್ತಿತ್ತು. ಉತ್ತರ ನೋಡಿದ ಮೇಲೆ ತಾನು ಬರೆದದ್ದನ್ನು ತಿದ್ದುವ ಹಾಗಿರಲಿಲ್ಲ.

ಇಂತಹ ಯೋಚನೆ ಸ್ಕಿನ್ನರ್‌ಗಿಂತ ಮೊದಲೇ ಒಬ್ಬರಿಗೆ ಬಂದಿತ್ತು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಿಡ್ನಿ ಪ್ರೆಸ್ಸಿ 1920ರ ದಶಕದಲ್ಲೇ ನಾಲ್ಕು ಗುಂಡಿಗಳ ಒಂದು ಯಂತ್ರ ಮಾಡಿದ್ದರು. ಅದು ಈಗಿನ ಆಬ್ಜೆಕ್ಟಿವ್ ಪರೀಕ್ಷೆಯಂತೆ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತುವ ಯಂತ್ರ. ಸ್ಕಿನ್ನರ್‌ಗೆ ಈ ಪದ್ಧತಿ ಒಪ್ಪಿಗೆಯಾಗಲಿಲ್ಲ. ಮಗು ಉತ್ತರವನ್ನು ಗುರುತಿಸಿದರೆ ಸಾಲದು, ತಾನೇ ಕಟ್ಟಿಕೊಡಬೇಕು ಎನ್ನುವುದು ಅವರ ಪಟ್ಟು.

ಅವರ ದೃಷ್ಟಿಯಲ್ಲಿ ಪೆಟ್ಟಿಗೆಗಿಂತ ದೊಡ್ಡದು ಅದರೊಳಗಿನ ಪಾಠ. ಕನ್ನಡದ ಒಂದು ಪದ ಇಟ್ಟುಕೊಂಡು ನೋಡೋಣ. ಮಗುವಿಗೆ ವಿದ್ಯಾರ್ಥಿ ಎಂದು ತಪ್ಪಿಲ್ಲದೆ ಬರೆಯುವುದನ್ನು ಕಲಿಸಬೇಕು. ಮೊದಲ ಹೆಜ್ಜೆಯಲ್ಲಿ ಪದ ಪೂರ್ತಿ ಕಾಣುತ್ತದೆ, ಮಗು ನೋಡಿ ಬರೆಯುತ್ತದೆ. ಎರಡನೆಯದರಲ್ಲಿ ದ್ಯಾ ಮಾಯ, ಅದನ್ನು ತುಂಬಬೇಕು. ಮೂರನೆಯದರಲ್ಲಿ ರ್ಥಿ ಮಾಯ. ನಾಲ್ಕನೆಯದರಲ್ಲಿ ಮೊದಲ ಅಕ್ಷರ ವಿ ಮಾತ್ರ ಉಳಿಯುತ್ತದೆ. ಐದನೆಯದರಲ್ಲಿ ಶಾಲೆಯಲ್ಲಿ ಕಲಿಯುವವನಿಗೆ ಏನೆನ್ನುತ್ತಾರೆ ಎಂಬ ಪ್ರಶ್ನೆ ಮತ್ತು ಖಾಲಿ ಗೆರೆ. ಆಸರೆಯನ್ನು ಒಂದೊಂದಾಗಿ ತೆಗೆದರೂ ಮಗು ಬೀಳುವುದಿಲ್ಲ. ಇದೇ ಕಾರ್ಯಕ್ರಮಿತ ಕಲಿಕೆ.

ಹಾರ್ವರ್ಡ್‌ನಲ್ಲಿ 1950ರ ದಶಕದ ಕೊನೆಗೆ ಸ್ಕಿನ್ನರ್ ತಮ್ಮದೇ ಕೋರ್ಸಿನ ಪಾಠಗಳನ್ನು ಸಹೋದ್ಯೋಗಿ ಜೇಮ್ಸ್ ಹಾಲೆಂಡ್ ಜೊತೆ ಸೇರಿ ಹೀಗೆ ಬರೆದರು. ವಿದ್ಯಾರ್ಥಿಗಳು ಯಂತ್ರಗಳಿದ್ದ ಕೋಣೆಗೆ ಹೋಗಿ ತಮ್ಮ ಪಾಡಿಗೆ ತಾವು ಕಲಿತರು. ಅವರು ಎಲ್ಲಿ ಹೆಚ್ಚು ತಪ್ಪು ಮಾಡುತ್ತಾರೋ ಅಲ್ಲಿ ಪಾಠವೇ ಸರಿಯಿಲ್ಲ ಎಂದು ತಿಳಿದು ಅದನ್ನು ತಿದ್ದಿ ಬರೆಯುತ್ತಿದ್ದರು. ವಿದ್ಯಾರ್ಥಿ ಫೇಲಾದರೆ ತಪ್ಪು ಪಾಠದ್ದು ಎನ್ನುವ ಈ ನಿಲುವು ಇಂದಿಗೂ ಅಪರೂಪವೇ.

ಹಬ್ಬಿದ ಹುಚ್ಚು, ಇಳಿದ ಜ್ವರ

1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹ ಹಾರಿಸಿತು. ವಿಜ್ಞಾನ ಶಿಕ್ಷಣದಲ್ಲಿ ತಾವು ಹಿಂದೆ ಬಿದ್ದೆವು ಎಂದು ಅಮೆರಿಕ ಗಾಬರಿಯಾಯಿತು. ಮರುವರ್ಷ ಶಿಕ್ಷಣಕ್ಕೆ ಹಣ ಹರಿಸುವ ಹೊಸ ಕಾನೂನು ಬಂತು. ಅದೇ 1958ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಕಲಿಸುವ ಯಂತ್ರಗಳ ಬಗ್ಗೆ ಸ್ಕಿನ್ನರ್ ಬರೆದ ಲೇಖನ ಪ್ರಕಟವಾಯಿತು. ಒಂದು ಹೊಸ ಉದ್ಯಮವೇ ಎದ್ದು ನಿಂತಿತು.

1960ರಲ್ಲಿ ವರ್ಜೀನಿಯಾದ ರೋನೋಕ್ ಊರಿನಲ್ಲಿ ಎಂಟನೇ ತರಗತಿಯ 34 ಮಕ್ಕಳು ಯಂತ್ರದ ನೆರವಿನಿಂದ ಒಂಬತ್ತನೇ ತರಗತಿಯ ಬೀಜಗಣಿತವನ್ನು ಅರ್ಧ ವರ್ಷದೊಳಗೆ ಮುಗಿಸಿದರು ಎಂಬ ಸುದ್ದಿ ದೇಶವೆಲ್ಲ ಹಬ್ಬಿತು. 34 ಮಕ್ಕಳ ಫಲಿತಾಂಶದಿಂದ ಇಡೀ ದೇಶದ ಶಾಲೆಗಳ ಬಗ್ಗೆ ತೀರ್ಮಾನಕ್ಕೆ ಬರಲಾಗದು ಎನ್ನುವುದು ಆ ಗದ್ದಲದಲ್ಲಿ ಯಾರಿಗೂ ಬೇಕಿರಲಿಲ್ಲ. ವಿಶ್ವಕೋಶ ಮಾರುವ ಸೇಲ್ಸ್‌ಮನ್‌ಗಳು ಮನೆ ಮನೆಗೆ ಹೋಗಿ ಕಲಿಸುವ ಯಂತ್ರಗಳನ್ನೂ ಮಾರಿದರು. ಮಗ ಹಿಂದೆ ಬೀಳುತ್ತಾನೆ ಎಂಬ ಭಯವಿದ್ದ ಮನೆಯಲ್ಲಿ ಮಾರಾಟ ಸುಲಭ. ಈಗ ಬರುವ ಫೋನ್ ಕರೆಗಳು ನೆನಪಾದರೆ ಆಶ್ಚರ್ಯವಿಲ್ಲ.

ಜ್ವರ ಬಂದಷ್ಟೇ ಬೇಗ ಇಳಿಯಿತು. ಪೆಟ್ಟಿಗೆ ಮಾಡುವುದು ಸುಲಭ, ಒಳ್ಳೆಯ ಪಾಠ ಬರೆಯುವುದು ಕಷ್ಟ. ಅವಸರದಲ್ಲಿ ತಯಾರಾದ ಪಾಠಗಳು ಬಹಳಷ್ಟು ಬರೀ ಬಿಟ್ಟ ಸ್ಥಳ ತುಂಬಿಸುವ ಹಾಳೆಗಳಾಗಿದ್ದವು, ಮಕ್ಕಳಿಗೆ ಬೇಸರ ಬಂತು. ಸ್ಕಿನ್ನರ್ ಜೊತೆ ಕೈ ಜೋಡಿಸಿದ್ದ ಐಬಿಎಂ, ರೀಮ್ ಕಂಪನಿಗಳ ಯಂತ್ರಗಳೂ ಅವರು ಎಣಿಸಿದಂತೆ ಶಾಲೆಗಳಿಗೆ ತಲುಪಲಿಲ್ಲ. ಕೆಲಸ ಹೋಗುತ್ತದೆಂದು ಶಿಕ್ಷಕರಿಗೆ ಭಯ. ಮಕ್ಕಳನ್ನು ಪಾರಿವಾಳ ಮಾಡುತ್ತಾರೆಂದು ಪಾಲಕರಿಗೆ ಅನುಮಾನ. 1960ರ ದಶಕ ಮುಗಿಯುವ ಹೊತ್ತಿಗೆ ಹೆಚ್ಚಿನ ಯಂತ್ರಗಳು ಮೂಲೆ ಸೇರಿದ್ದವು.

ಸ್ಕಿನ್ನರ್‌ರ ಸಿದ್ಧಾಂತಕ್ಕೂ ಪೆಟ್ಟು ಬಿದ್ದಿತ್ತು. ಭಾಷೆಯೂ ಪುನರ್ಬಲನದಿಂದಲೇ ಬರುತ್ತದೆ ಎಂಬ ಅವರ ಪುಸ್ತಕವನ್ನು 1959ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ ಕಟುವಾಗಿ ವಿಮರ್ಶಿಸಿದರು. ಮಗು ಹಿಂದೆಂದೂ ಕೇಳದ ವಾಕ್ಯವನ್ನೂ ಆಡುತ್ತದೆ, ಅದಕ್ಕೆ ಪುನರ್ಬಲನವೊಂದೇ ಉತ್ತರವಲ್ಲ ಎನ್ನುವುದು ವಿಮರ್ಶೆಯ ಸಾರ. ಇದು ಕಲಿಸುವ ಯಂತ್ರದ ಮಿತಿಯನ್ನೂ ತೋರಿಸುತ್ತದೆ. ಒಂದೇ ಸರಿಯುತ್ತರ ಇರುವ ಲೆಕ್ಕ, ಕಾಗುಣಿತಕ್ಕೆ ಅದು ಸರಿ. ಪ್ರಬಂಧ ಬರೆಯುವುದು, ಚರ್ಚಿಸುವುದು, ಪ್ರಯೋಗ ಮಾಡಿ ತಾನೇ ಕಂಡುಕೊಳ್ಳುವುದು ಅದರ ತಿರುಗುಣಿಗೆ ಸಿಗುವುದಿಲ್ಲ.

1968ರಲ್ಲಿ ಸ್ಕಿನ್ನರ್ ಬೋಧನೆಯ ತಂತ್ರಜ್ಞಾನದ ಬಗ್ಗೆ ಒಂದು ಪುಸ್ತಕ ತಂದರು. ಶಿಕ್ಷಕರನ್ನೇ ಮನೆಗೆ ಕಳಿಸುತ್ತಾರೆ ಎಂದು ಜನ ದೂರುತ್ತಿದ್ದ ಈ ಮನುಷ್ಯ ಆ ಪುಸ್ತಕವನ್ನು ಅರ್ಪಿಸಿದ್ದು ತಮ್ಮ ಶಾಲೆಯ ಶಿಕ್ಷಕಿ ಮೇರಿ ಗ್ರೇವ್ಸ್‌ಗೆ. ತಿದ್ದುವ ಚಾಕರಿ ಯಂತ್ರಕ್ಕೆ ಹೋದರೆ ಶಿಕ್ಷಕರಿಗೆ ಮಕ್ಕಳ ಜೊತೆ ಮಾತಾಡಲು ಬಿಡುವು ಸಿಗುತ್ತದೆ ಎನ್ನುವುದು ಅವರ ಲೆಕ್ಕಾಚಾರವಾಗಿತ್ತು.

ಪೆಟ್ಟಿಗೆಯ ಜಾಗಕ್ಕೆ ಕಂಪ್ಯೂಟರ್ ಬಂದಾಗ

ಯಂತ್ರ ಮೂಲೆ ಸೇರಿದರೂ ವಿಚಾರ ಕಂಪ್ಯೂಟರಿಗೆ ದಾಟಿತು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ತಂಡ ಪ್ಲೇಟೋ ಎಂಬ ಕಂಪ್ಯೂಟರ್ ಪಾಠ ವ್ಯವಸ್ಥೆ ಶುರು ಮಾಡಿತು. 1960ರ ದಶಕದಲ್ಲೇ ಸ್ಟ್ಯಾನ್‌ಫರ್ಡ್‌ನ ಪ್ಯಾಟ್ರಿಕ್ ಸಪ್ಪೀಸ್ ಕಂಪ್ಯೂಟರ್ ಮೂಲಕ ಮಕ್ಕಳಿಗೆ ಗಣಿತದ ಅಭ್ಯಾಸ ಮಾಡಿಸಿದರು.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದವರು ಎಂಐಟಿಯ ಸೀಮೋರ್ ಪ್ಯಾಪರ್ಟ್. ಕಂಪ್ಯೂಟರ್ ಮಗುವಿಗೆ ಪಾಠ ಹೇಳಬೇಕಿಲ್ಲ, ಮಗುವೇ ಕಂಪ್ಯೂಟರಿಗೆ ಹೇಳಿಕೊಡಲಿ ಎಂದು ಅವರು 1967ರಲ್ಲಿ ಸಹೋದ್ಯೋಗಿಗಳೊಂದಿಗೆ ಲೋಗೋ ಎಂಬ ಭಾಷೆ ತಂದರು. ಶಾಲೆಯ ಲ್ಯಾಬಿನಲ್ಲಿ ತ್ರಿಕೋನದಂತಹ ಆಮೆಯನ್ನು ಓಡಿಸಿ ಚೌಕ ಬಿಡಿಸಿದ ನೆನಪು ನಿಮ್ಮಲ್ಲಿ ಕೆಲವರಿಗಾದರೂ ಇದ್ದೀತು. ಅದೇ ಲೋಗೋ. ಇಂದಿನ ಲೆಕ್ಕದ ಅಭ್ಯಾಸದ ಆ್ಯಪ್‌ಗಳು ಸ್ಕಿನ್ನರ್ ಕಡೆಯವು, ಮಕ್ಕಳ ಕೋಡಿಂಗ್ ಪಾಠಗಳು ಪ್ಯಾಪರ್ಟ್ ಕಡೆಯವು ಎಂದರೆ ಹೆಚ್ಚು ತಪ್ಪಾಗದು.

1980ರ ದಶಕದಲ್ಲಿ ಸಣ್ಣ ಕಂಪ್ಯೂಟರ್‌ಗಳು ಬಂದಾಗ ಸ್ಕಿನ್ನರ್‌ಗೆ ಎಂಬತ್ತು ದಾಟಿತ್ತು. ತಮ್ಮ ಯಂತ್ರಕ್ಕೆ ಬೇಕಿದ್ದ ಸರಿಯಾದ ಪೆಟ್ಟಿಗೆ ಈಗ ಸಿಕ್ಕಿತು ಎಂದು ಅವರು ಸಂತೋಷಪಟ್ಟರು. ಆದರೆ ಪೆಟ್ಟಿಗೆ ಬದಲಾದರೆ ಸಾಲದು, ಒಳಗಿನ ಪಾಠ ಚೆನ್ನಾಗಿರಬೇಕು ಎಂಬ ಮಾತನ್ನು ಬಿಡಲಿಲ್ಲ. 1989ರಲ್ಲಿ ಅವರಿಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಇರುವುದು ತಿಳಿಯಿತು. 1990ರ ಆಗಸ್ಟ್ 10ರಂದು ಬಾಸ್ಟನ್‌ನಲ್ಲಿ ಮನೋವಿಜ್ಞಾನಿಗಳ ಸಭೆಯಲ್ಲಿ ಮಾತನಾಡಿದರು. ಎಂಟು ದಿನಗಳ ನಂತರ, ಆಗಸ್ಟ್ 18ರಂದು, 86ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ದೇಶದಲ್ಲಿ ಅಳೆದು ನೋಡಿದಾಗ

ಸ್ಕಿನ್ನರ್ ಹಿಂದಿನ ಬೆಂಚಿನಲ್ಲಿ ಕೂತು ಕಂಡ ತೊಂದರೆ ನಮ್ಮ ಶಾಲೆಗಳಲ್ಲಿ ಇನ್ನೂ ದೊಡ್ಡದು. ಕಂಪ್ಯೂಟರ್ ಅದಕ್ಕೆ ಪರಿಹಾರವೇ ಎಂದು ಭಾರತದಲ್ಲೇ ಅರ್ಥಶಾಸ್ತ್ರಜ್ಞರು ಅಳೆದಿದ್ದಾರೆ. ಕಂಪ್ಯೂಟರ್ ಪಾಠ ಸಿಕ್ಕ ಮಕ್ಕಳನ್ನೂ ಸಿಗದ ಮಕ್ಕಳನ್ನೂ ಚೀಟಿ ಎತ್ತಿದಂತೆ ಆರಿಸಿ ಹೋಲಿಸಿದ ಅಧ್ಯಯನಗಳಿವು.

ಗುಜರಾತಿನ ವಡೋದರಾದಲ್ಲಿ ನಗರಪಾಲಿಕೆ ಶಾಲೆಗಳಿಗೆ ಕಂಪ್ಯೂಟರ್ ಬಂದಿದ್ದವು. ಬಹಳ ಕಡೆ ಬಳಸದೆ ಹಾಗೇ ಇದ್ದವು. 2002ರಿಂದ ಪ್ರಥಮ್ ಸಂಸ್ಥೆ ನಾಲ್ಕನೇ ತರಗತಿಯವರಿಗೆ ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಆಡಿಸಿತು. ಮಗುವಿನ ಮಟ್ಟಕ್ಕೆ ತಕ್ಕಂತೆ ಲೆಕ್ಕ ಕಷ್ಟವಾಗುತ್ತಾ ಹೋಗುತ್ತಿತ್ತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಆ ಮಕ್ಕಳ ಗಣಿತ ಗಣನೀಯವಾಗಿ ಸುಧಾರಿಸಿತ್ತು. ಆದರೆ ಕಾರ್ಯಕ್ರಮ ನಿಂತು ಒಂದು ವರ್ಷದ ಮೇಲೆ ಲಾಭದ ಹೆಚ್ಚಿನ ಪಾಲು ಕರಗಿತ್ತು.

ಗುಜರಾತಿನಲ್ಲೇ ಲೀ ಲಿಂಡನ್ ನಡೆಸಿದ ಇನ್ನೊಂದು ಅಧ್ಯಯನ ಎಚ್ಚರಿಕೆಯ ಮಾತು ಹೇಳುತ್ತದೆ. ಚೆನ್ನಾಗಿ ಪಾಠ ನಡೆಯುತ್ತಿದ್ದ ಶಾಲೆಗಳಲ್ಲಿ ತರಗತಿಯ ಸಮಯ ಕಡಿಮೆ ಮಾಡಿ ಕಂಪ್ಯೂಟರ್ ಮುಂದೆ ಕೂರಿಸಿದಾಗ ಮಕ್ಕಳು ಹಿಂದೆ ಬಿದ್ದರು. ಅದೇ ಕಂಪ್ಯೂಟರನ್ನು ಶಾಲೆಯ ಅವಧಿಯ ಹೊರಗೆ ಹೆಚ್ಚುವರಿಯಾಗಿ ಬಳಸಿದಾಗ ಲಾಭವಾಯಿತು, ಹಿಂದುಳಿದ ಮಕ್ಕಳಿಗೆ ಹೆಚ್ಚು ಲಾಭವಾಯಿತು.

ದೆಹಲಿಯಲ್ಲಿ 2015ರಲ್ಲಿ ಸುಮಾರು 600 ಮಕ್ಕಳ ಮೇಲೆ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಮಾಡಿದ ಅಧ್ಯಯನವೂ ಇದೆ. ಅಲ್ಲಿ ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ಅಂದರೆ ಪಠ್ಯಪುಸ್ತಕ ಒಂದು ಕಡೆ, ಮಗು ಇನ್ನೊಂದು ಕಡೆ. ಶಾಲೆ ಬಿಟ್ಟ ಮೇಲೆ ಪ್ರತಿ ಮಗುವಿಗೆ ಅದರ ಮಟ್ಟದಿಂದಲೇ ಪ್ರಶ್ನೆ ಕೇಳುವ ಸಾಫ್ಟ್‌ವೇರ್ ಕೊಟ್ಟರು. ಜೊತೆಗೆ ಸಣ್ಣ ಗುಂಪಿನಲ್ಲಿ ಪಾಠ ಹೇಳುವವರೂ ಇದ್ದರು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಸ್ಪಷ್ಟ ಪ್ರಗತಿ ಕಂಡಿತು. ಪೂರ್ತಿ ಶ್ರೇಯ ಸಾಫ್ಟ್‌ವೇರಿಗೇ ಕೊಡಲಾಗದು ಎನ್ನುವುದನ್ನೂ ಗಮನಿಸಬೇಕು.

ಬರೀ ಕಂಪ್ಯೂಟರ್ ತಂದಿಟ್ಟರೆ? ಶ್ರೀಮಂತ ದೇಶಗಳ ಒಕ್ಕೂಟ ಒಇಸಿಡಿ 2015ರಲ್ಲಿ ಇದನ್ನು ನೋಡಿತು. ಶಾಲೆಗಳಲ್ಲಿ ಕಂಪ್ಯೂಟರಿಗೆ ಭಾರಿ ಹಣ ಸುರಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದ ಅಂಕಗಳು ಗಮನಾರ್ಹವಾಗಿ ಏರಿರಲಿಲ್ಲ.

ಹಣ ಕಟ್ಟುವ ಮೊದಲು ಏನು ನೋಡಬೇಕು?

ಇಷ್ಟೆಲ್ಲ ಓದಿದ ಮೇಲೆ ನಮಗೆ ಅನಿಸುವುದು ಇಷ್ಟು. ಕಂಪ್ಯೂಟರ್ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರ ಸಿಗದು. ಸ್ಕಿನ್ನರ್ ಕಂಡ ಎರಡು ತೊಂದರೆಗಳಲ್ಲಿ ಯಾವುದನ್ನು ಅದು ನಿವಾರಿಸುತ್ತಿದೆ ಎಂದು ಕೇಳಬೇಕು. ಮಗನ ಅಥವಾ ಮಗಳ ಪಕ್ಕ ಹತ್ತು ನಿಮಿಷ ಕೂತು ಇವನ್ನು ಗಮನಿಸಿ.

- ಮಗು ಬರೀ ವಿಡಿಯೊ ನೋಡುತ್ತಿದೆಯೇ, ಅಥವಾ ತಾನೇ ಯೋಚಿಸಿ ಉತ್ತರಿಸುತ್ತಿದೆಯೇ? ಬರೀ ವಿಡಿಯೊ ಇದ್ದರೆ ಅದು ಟಿವಿಗಿಂತ ಹೆಚ್ಚೇನೂ ಅಲ್ಲ.
- ಉತ್ತರ ತಪ್ಪಾದಾಗ ತಕ್ಷಣ ತಿಳಿಯುತ್ತದೆಯೇ? ಯಾಕೆ ತಪ್ಪು ಎಂದೂ ತಿಳಿಯುತ್ತದೆಯೇ?
- ಹಿಂದಿನ ತರಗತಿಯ ಭಾಗಾಕಾರವೇ ಬಾರದ ಮಗುವಿಗೆ ಆ ಪಾಠ ಅಲ್ಲಿಂದ ಶುರುವಾಗುತ್ತದೆಯೇ, ಅಥವಾ ಎಲ್ಲರಿಗೂ ಒಂದೇ ಪಾಠವೇ?
- ಇದು ಶಿಕ್ಷಕರ ಪಾಠದ ಜೊತೆಗೆ ನಡೆಯುತ್ತಿದೆಯೇ, ಅಥವಾ ಅದರ ಬದಲಿಗೆ ನಡೆಯುತ್ತಿದೆಯೇ?
- ಮಗು ಆ್ಯಪ್ ತೆರೆಯುವುದು ಕಲಿಯಲೋ, ನಕ್ಷತ್ರ, ನಾಣ್ಯ ಗಳಿಸಲೋ? ಬಹುಮಾನ ಯಾವಾಗ ಬರುತ್ತದೆಂದು ಗೊತ್ತಿಲ್ಲದಿದ್ದರೆ ಪಾರಿವಾಳ ಕುಟುಕುವುದನ್ನು ನಿಲ್ಲಿಸುವುದೇ ಇಲ್ಲ ಎಂದು ತೋರಿಸಿದ್ದೂ ಸ್ಕಿನ್ನರ್ ಅವರೇ. ಮಗುವನ್ನು ಹಿಡಿದು ಕೂರಿಸುವುದು ಬೇರೆ, ಕಲಿಸುವುದು ಬೇರೆ.

ಗೋಡೆಗೆ ದೊಡ್ಡ ಪರದೆ ಹಾಕಿ ಎಲ್ಲರಿಗೂ ಒಂದೇ ವಿಡಿಯೊ ತೋರಿಸುವ ಸ್ಮಾರ್ಟ್ ಕ್ಲಾಸನ್ನು ಈ ಪ್ರಶ್ನೆಗಳ ಮುಂದೆ ಇಟ್ಟು ನೋಡಿ. ಬೇಗ ಕಲಿಯುವ ಮಗು ಅಲ್ಲೂ ಕಾಯುತ್ತದೆ, ನಿಧಾನದ ಮಗು ಅಲ್ಲೂ ಹಿಂದೆ ಉಳಿಯುತ್ತದೆ. 1953ರ ಆ ತರಗತಿಯಲ್ಲಿ ಬೋರ್ಡಿನ ಜಾಗಕ್ಕೆ ಪರದೆ ಬಂದಂತಾಯಿತು, ಅಷ್ಟೇ. ಇನ್ನೊಂದು ಕಡೆ, ದುಬಾರಿ ಟ್ಯಾಬ್ ಕೊಡಿಸಲಾಗದ ಮನೆಯವರು ಕೊರಗಬೇಕಾಗಿಯೂ ಇಲ್ಲ. ಮಗು ಹತ್ತು ಲೆಕ್ಕ ಮಾಡಿದ ಕೂಡಲೇ ಯಾರಾದರೂ ಪಕ್ಕ ಕೂತು ಸರಿ ತಪ್ಪು ನೋಡಿ, ತಪ್ಪಿದ್ದನ್ನು ಬೈಯದೆ ಇನ್ನೊಮ್ಮೆ ಮಾಡಿಸಿದರೆ ಸ್ಕಿನ್ನರ್ ಯಂತ್ರದ ಮುಖ್ಯ ಕೆಲಸ ಆಗಿಯೇ ಹೋಯಿತು. ಅದಕ್ಕೆ ಪೆನ್ಸಿಲ್, ಕಾಗದ ಮತ್ತು ಅರ್ಧ ಗಂಟೆ ಸಾಕು.

ಮುಂದಿನ ಸಲ ಕಂಪ್ಯೂಟರ್ ಮೇಷ್ಟ್ರ ಕೆಲಸ ಕಿತ್ತುಕೊಳ್ಳುತ್ತದೆ ಎಂಬ ಸಂದೇಶವೋ, ಮಗಳನ್ನು ಪೆಟ್ಟಿಗೆಯಲ್ಲಿಟ್ಟ ವಿಜ್ಞಾನಿಯ ಕಥೆಯೋ ನಿಮ್ಮ ಗುಂಪಿಗೆ ಬಂದರೆ, ಕಳಿಸಿದವರಿಗೆ ಈ ಲೇಖನವನ್ನೂ ಒಮ್ಮೆ ಕಳಿಸಿ.